ಹಳದಿ ಲಕೋಟೆಯ ಕಾದಂಬರಿಕಾರ

ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದಲ್ಲಿ 1903ರ ಫೆಬ್ರುವರಿ 13ರಂದು, ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಒಂದು ಗಂಡುಮಗು ಹುಟ್ಟಿತು. ಅಂದು ಶುಕ್ರವಾರ. ಹದಿಮೂರನೇ ತಾರೀಖು ಶುಕ್ರವಾರ ಬಿದ್ದರೆ ಅಲ್ಲಿಯವರಿಗೆ ಅದು ಮಹಾ ಅಪಶಕುನ. ಬಾಣಂತಿ ಹೆದರಿದಳು. ಗಂಡ ಪುರಭವನಕ್ಕೆ ಹೋಗಿ, ಮಗು ಹುಟ್ಟಿದ್ದು 12ರಂದು ಎಂದು ಬರೆಸಿ ಬಂದ. ಮುಂದೆ ನೂರಾರು ಸುಳ್ಳು ಹೇಳಿಕೆಗಳನ್ನು ಕಟ್ಟಿ, ಒಂದೊಂದನ್ನೂ ಎಳೆಎಳೆಯಾಗಿ ಬಿಡಿಸಿ ತೋರಿಸಿದ ಜಾರ್ಜ್ ಸಿಮೆನಾನ್‌ನ ಬದುಕಿನ ಮೊದಲ ಸರ್ಕಾರಿ ದಾಖಲೆಯೇ ಒಂದು ಸುಳ್ಳು ಹೇಳಿಕೆ.

ಪತ್ತೇದಾರಿ ಕತೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಮುಖಗಳು ಬೇರೆ. ಇಂಗ್ಲಿಷ್ ಓದಿಕೊಂಡವರಿಗೆ ಷರ್ಲಾಕ್ ಹೋಮ್ಸ್, ಹರ್ಕ್ಯೂಲ್ ಪಾಯ್ರೊ. ಕನ್ನಡದಲ್ಲಿ ಕಾದಂಬರಿಯನ್ನು ಬಾಡಿಗೆಗೆ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ ಬೆಳೆದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಸಿಮೆನಾನ್ ಸೃಷ್ಟಿಸಿದ ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಮೇಗ್ರೆ ಈ ಸಾಲಿನಲ್ಲಿ ತಟ್ಟನೆ ನೆನಪಾಗುವವನಲ್ಲ. ಆದರೆ 1931ರಿಂದ 1972ರವರೆಗೆ 75 ಕಾದಂಬರಿ, 28 ಕತೆಗಳಲ್ಲಿ ಬಂದುಹೋದ ಈ ದಪ್ಪ ಮೈಯ, ಪೈಪು ಸೇದುವ ಮನುಷ್ಯ ಪತ್ತೇದಾರಿ ಸಾಹಿತ್ಯದ ಪ್ರಶ್ನೆಯನ್ನೇ ಬದಲಾಯಿಸಿದ. ಕೊಲೆ ಮಾಡಿದವರು ಯಾರೆಂಬುದು ಅವನಿಗೆ ಕೆಲವೊಮ್ಮೆ ಕತೆಯ ನಡುವಿನಲ್ಲೇ ತಿಳಿದುಬಿಡುತ್ತದೆ. ನಿಜವಾದ ಕೆಲಸ ಆಮೇಲೆ ಶುರು. ನಿನ್ನೆಯವರೆಗೆ ಎಲ್ಲರ ಹಾಗೆ ದುಡಿದು, ಸಂಜೆಗೆ ಮನೆ ಸೇರುತ್ತಿದ್ದ ಈ ಮನುಷ್ಯ ಇವತ್ತು ಈ ಗತಿಗೆ ಹೇಗೆ ಬಂದ?

ಈ ಪ್ರಶ್ನೆ ಸಿಮೆನಾನ್‌ಗೆ ಹುಟ್ಟಿದ ಮನೆಯಲ್ಲೇ ಸಿಕ್ಕಿತ್ತು.

ಅಪ್ಪ ದೇಸಿರೇ ವಿಮಾ ಕಚೇರಿಯಲ್ಲಿ ಗುಮಾಸ್ತ. ಸಮಾಧಾನಿ, ಮಿತಭಾಷಿ, ಇದ್ದುದರಲ್ಲೇ ತೃಪ್ತ. ಅಮ್ಮ ಆಂರಿಯೆತ್ ಅದಕ್ಕೆ ತದ್ವಿರುದ್ಧ. ನಾಳೆಯ ಚಿಂತೆ ಆಕೆಯನ್ನು ಒಂದು ದಿನವೂ ಬಿಟ್ಟದ್ದಿಲ್ಲ. ಗಂಡನ ಸಂಬಳ ಸಾಲದೆಂದು ಮನೆಯ ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಳು. ಹಾಗೆ ಬಂದವರಲ್ಲಿ ರಷ್ಯಾ, ಪೋಲೆಂಡ್ ಕಡೆಯ ಹುಡುಗ ಹುಡುಗಿಯರು ಹೆಚ್ಚು. ಒಂದೇ ಅಡುಗೆಮನೆಯಲ್ಲಿ ನಾಲ್ಕಾರು ದೇಶಗಳ ಜನ, ಅವರವರ ಬಡತನ, ಅವರವರ ಮುಚ್ಚುಮರೆ. ಬಾಗಿಲಾಚೆಯ ಮಾತಿಗೆ ಕಿವಿಗೊಡುವ ಅಭ್ಯಾಸ ಹುಡುಗನಿಗೆ ಅಲ್ಲಿ ಬಿತ್ತು. ಆ ಬಾಡಿಗೆದಾರರ ದೆಸೆಯಿಂದಲೇ ಗೊಗೋಲ್, ಚೆಕಾಫ್, ದಾಸ್ತೊಯೆವ್‌ಸ್ಕಿ ಕೈಗೆ ಬಂದರು. ಕೊನೆಯವರೆಗೂ ಅವನು ತನ್ನ ಗುರುಗಳೆಂದು ಹೇಳಿಕೊಂಡದ್ದು ಈ ರಷ್ಯನ್ನರನ್ನೇ. ಕಾನನ್ ಡಾಯ್ಲ್ ಹೆಸರನ್ನು ಹೇಳಬೇಕಾದ ಜಾಗದಲ್ಲಿ ಒಬ್ಬ ಪತ್ತೇದಾರಿ ಕಾದಂಬರಿಕಾರ ಗೊಗೋಲ್‌ನ ಹೆಸರು ಹೇಳುತ್ತಾನೆಂದರೆ, ಅವನ ದಾರಿ ಬೇರೆ ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕು.

ಅವನಿಗೆ ಹದಿನೈದು ತುಂಬಿದ್ದಾಗ ಅಪ್ಪನ ಹೃದಯ ಕೆಟ್ಟಿದೆ, ಇನ್ನು ಎರಡು ಮೂರು ವರ್ಷವಷ್ಟೇ ಎಂದು ವೈದ್ಯರು ಹೇಳಿದರು. ಓದು ಅಲ್ಲಿಗೆ ನಿಂತಿತು. 1919ರ ಆರಂಭದಲ್ಲಿ, ಇನ್ನೂ ಹದಿನಾರು ತುಂಬುವ ಮುಂಚೆಯೇ, 'ಗಜೆಟ್ ದ ಲಿಯೇಜ್' ಪತ್ರಿಕೆಯ ವರದಿಗಾರನಾಗಿ ಸೇರಿದ. ಪೊಲೀಸ್ ಠಾಣೆ, ಕೋರ್ಟು, ಅಪಘಾತ, ಸಾವು, ಸಂತೆ ಎಲ್ಲವನ್ನೂ ಸುತ್ತಿದ. ಗಡುವಿನೊಳಗೆ ಬರೆದು ಕೊಡುವ ಚಾಳಿ ಕೈಗೆ ಹತ್ತಿತು. ದಿನವೂ ಒಂದು ಅಂಕಣವನ್ನೂ ಬರೆಯುತ್ತಿದ್ದ. 1921ರಲ್ಲಿ ಅಪ್ಪ ತೀರಿಕೊಂಡ, ವಯಸ್ಸು ಬರೀ 44. ಮೇಗ್ರೆಯ ಆ ನಿಧಾನ, ಆ ತಾಳ್ಮೆ, ಇನ್ನೊಬ್ಬರ ಮಾತು ಮುಗಿಯುವವರೆಗೆ ಬಾಯಿ ತೆರೆಯದ ಗುಣ ತನ್ನ ಅಪ್ಪನದು ಎಂದು ಸಿಮೆನಾನ್ ಮುಂದೆ ಹೇಳಿಕೊಂಡಿದ್ದಾನೆ.

ಅದೇ ಕಾಲದ ಇನ್ನೊಂದು ಸಾವು ಅವನನ್ನು ಬಹಳ ವರ್ಷ ಕಾಡಿತು. ಲಿಯೇಜಿನಲ್ಲಿ 'ಲಾ ಕಾಕ್' ಎಂಬ ಹೆಸರಿನ ಒಂದು ಗೆಳೆಯರ ಕೂಟ. ಹಾಗೆಂದರೆ ಉಪ್ಪು ಮೀನು ತುಂಬುವ ಪೀಪಾಯಿ. ಒಂದು ಕಿಷ್ಕಿಂಧೆಯಂಥ ಕೋಣೆಯಲ್ಲಿ ಮೀನು ಅಡಕಿದ ಹಾಗೆ ಒತ್ತೊತ್ತಾಗಿ ಕೂತು ಎಳೆಯ ಚಿತ್ರಕಾರರು, ಕವಿಗಳು ಕುಡಿಯುತ್ತ ದೇವರು, ಸಾವು, ಕಲೆಯ ಬಗ್ಗೆ ರಾತ್ರಿಯಿಡೀ ವಾದಿಸುತ್ತಿದ್ದರು. ಸಿಮೆನಾನ್ ಕೂಡ ಅಲ್ಲಿಗೆ ಹೋಗುತ್ತಿದ್ದ. 1922ರ ಚಳಿಗಾಲದ ಒಂದು ಬೆಳಿಗ್ಗೆ ಆ ಕೂಟದ ಒಬ್ಬ ಯುವ ಚಿತ್ರಕಾರ ಸೇಂಟ್ ಫೋಲಿಯೆನ್ ಚರ್ಚಿನ ಬಾಗಿಲಿನಲ್ಲಿ ನೇಣುಬಿಗಿದ ಸ್ಥಿತಿಯಲ್ಲಿ ಸಿಕ್ಕ. ಅದಾಗಿ ಸುಮಾರು ಒಂಬತ್ತು ವರ್ಷಕ್ಕೆ ಬಂದ ಮೇಗ್ರೆ ಕಾದಂಬರಿಯೊಂದರ ಹೆಸರೇ 'ಸೇಂಟ್ ಫೋಲಿಯೆನ್‌ನಲ್ಲಿ ನೇಣುಬಿದ್ದವನು'. ಹರೆಯದ ಹುಚ್ಚಿನಲ್ಲಿ ಒಂದು ಸಾವಿನಲ್ಲಿ ಭಾಗಿಯಾದ ಗೆಳೆಯರು, ವರ್ಷಗಳ ನಂತರ ಹೆಂಡತಿ, ಮಕ್ಕಳು, ವ್ಯಾಪಾರ ಎಂದು ನೆಲೆನಿಂತವರು, ಆ ರಾತ್ರಿಯನ್ನು ಹೇಗೆ ಹೊತ್ತುಕೊಂಡು ತಿರುಗುತ್ತಾರೆ ಎಂಬುದು ಅದರ ವಸ್ತು. ಅದನ್ನು ಓದುವಾಗ ಕತೆಗಾರ ಎಲ್ಲೋ ದೂರ ನಿಂತು ಕಟ್ಟಿದ್ದೆಂದು ಅನ್ನಿಸುವುದಿಲ್ಲ. ಆ ಕೋಣೆಯ ಹೊಗೆ ಅವನ ಬಟ್ಟೆಗೂ ಹತ್ತಿದೆ.

1922ರ ಡಿಸೆಂಬರಿನಲ್ಲಿ ಅವನು ಪ್ಯಾರಿಸ್ಸಿಗೆ ಬಂದ. ಮರುವರ್ಷ ಲಿಯೇಜಿನ ಚಿತ್ರಕಲಾವಿದೆ ಟಿಜಿಯನ್ನು ಮದುವೆಯಾದ. 'ಲ ಮತಾಂ' ಪತ್ರಿಕೆಯಲ್ಲಿ ಆಗ ಕತೆಗಳನ್ನು ಆರಿಸುತ್ತಿದ್ದವಳು ಪ್ರಸಿದ್ಧ ಲೇಖಕಿ ಕೊಲೆತ್. ಸಿಮೆನಾನ್ ಕೊಟ್ಟ ಕತೆಗಳನ್ನು ಆಕೆ ಹಿಂದಿರುಗಿಸಿದಳು. ಆಕೆಯ ತಕರಾರು ಒಂದೇ: ಇದರಲ್ಲಿ ಸಾಹಿತ್ಯ ಜಾಸ್ತಿಯಾಯಿತು, ಅದನ್ನು ತೆಗೆ. ಇಪ್ಪತ್ತರ ಹುಡುಗನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜೀವಮಾನವಿಡೀ ಅದನ್ನು ಬಿಡಲಿಲ್ಲ. ಚೆಂದಕ್ಕಾಗಿ ಬಂದ ವಾಕ್ಯ ಕಂಡರೆ ಅದನ್ನು ಹೊಡೆದುಹಾಕುವುದೇ ಅವನ ತಿದ್ದುಪಡಿ. ಮಳೆ, ಮೇಜು, ಬ್ರೆಡ್ಡು, ಚಳಿ, ಭಯ. ಯಾರಿಗೂ ನಿಘಂಟು ಬೇಡದ ಇಂಥ ಮಾತುಗಳಲ್ಲೇ ಬರೆಯಬೇಕೆಂಬುದು ಅವನ ಪಟ್ಟು.

ಹೊಟ್ಟೆಪಾಡಿಗೆ ಮಾತ್ರ ಬೇರೆಯದೇ ಬರವಣಿಗೆ. 1924ರಿಂದ ಏಳೆಂಟು ವರ್ಷ ಅವನು ಹತ್ತಾರು ಗುಪ್ತನಾಮಗಳಲ್ಲಿ ಅಗ್ಗದ ಪ್ರೇಮಕತೆ, ಸಾಹಸಕತೆ, ಪೋಲಿಕತೆಗಳನ್ನು ಬರೆದು ಗುಡ್ಡೆ ಹಾಕಿದ. ಸುಮಾರು ಇನ್ನೂರು ಪುಸ್ತಕ ಆ ಲೆಕ್ಕದವು. ಬೆಳಿಗ್ಗೆಯೇ ಟೈಪ್‌ರೈಟರ್ ಮುಂದೆ ಕೂತರೆ ದಿನಕ್ಕೆ ಹತ್ತಾರು ಪುಟ. ಅವನ ವೇಗ ಎಷ್ಟು ಮನೆಮಾತಾಗಿತ್ತೆಂದರೆ, 1927ರಲ್ಲಿ ಯೂಜೀನ್ ಮೆರ್ಲ್ ಎಂಬ ಪತ್ರಿಕೋದ್ಯಮಿ ಒಂದು ಯೋಜನೆ ಹಾಕಿದ. ಸಿಮೆನಾನ್ ಒಂದು ಗಾಜಿನ ಪಂಜರದಲ್ಲಿ ಕೂತು, ಜನರ ಕಣ್ಣೆದುರಿಗೆ, ಕೆಲವೇ ದಿನಗಳಲ್ಲಿ ಒಂದು ಕಾದಂಬರಿ ಬರೆದು ಮುಗಿಸಬೇಕು. ಊರೆಲ್ಲ ಸುದ್ದಿಯಾಯಿತು, ಬೈಗುಳವೂ ಬಂತು. ಆದರೆ ಆ ಪ್ರದರ್ಶನ ನಡೆಯಲೇ ಇಲ್ಲ. ವಿಚಿತ್ರವೆಂದರೆ, ವರ್ಷಗಳು ಉರುಳಿದ ಮೇಲೆ ಪ್ಯಾರಿಸ್ಸಿನ ಹಲವರು ಆ ಪಂಜರವನ್ನು ತಾವು ಕಣ್ಣಾರೆ ಕಂಡದ್ದಾಗಿ ಬರೆದರು. ಸಾಕ್ಷಿಗಳ ನೆನಪನ್ನು ನಂಬಿ ತೀರ್ಪು ಕೊಡಲು ಮೇಗ್ರೆ ಯಾಕೆ ಆತುರಪಡುವುದಿಲ್ಲ ಎಂಬುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ.

ಮೇಗ್ರೆ ಹುಟ್ಟಿದ್ದು ನೀರಿನ ಮೇಲೆ. ಆಗ ಸಿಮೆನಾನ್ 'ಓಸ್ಟ್ರೊಗಾತ್' ಎಂಬ ದೋಣಿಯಲ್ಲಿ ಹೆಂಡತಿಯೊಡನೆ ಯುರೋಪಿನ ಕಾಲುವೆಗಳನ್ನು ಸುತ್ತುತ್ತಿದ್ದ. 1929ರ ಸೆಪ್ಟೆಂಬರಿನಲ್ಲಿ ಡಚ್ಚರ ಬಂದರು ಡೆಲ್ಫ್‌ಝೈಲ್‌ನಲ್ಲಿ ದೋಣಿಯ ರಿಪೇರಿಗೆ ನಿಂತಾಗ, ಅಲ್ಲೇ ಪಾಳುಬಿದ್ದಿದ್ದ ಇನ್ನೊಂದು ದೋಣಿಯಲ್ಲಿ ಪೆಟ್ಟಿಗೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಬರೆಯತೊಡಗಿದೆ, ಒಂದು ಬೆಳಿಗ್ಗೆ ಆ ದಪ್ಪ ಮನುಷ್ಯನ ಆಕಾರ ಕಣ್ಣಿಗೆ ಬಂತು ಎಂದು ಅವನೇ ಹೇಳಿದ್ದಾನೆ. ಅದಕ್ಕೂ ಮುಂಚೆ ಗುಪ್ತನಾಮದ ಕತೆಗಳಲ್ಲಿ ಮೇಗ್ರೆ ಎಂಬ ಪೊಲೀಸ್ ಸುಳಿದಾಡಿದ್ದನ್ನು ಸಂಶೋಧಕರು ತೋರಿಸಿದ್ದಾರೆ. ಲೇಖಕನ ನೆನಪು ಕತೆಗೆ ಬೇಕಾದ ಹಾಗೆ ಜೋಡಿಸಿಕೊಂಡದ್ದಿರಬೇಕು. ಡೆಲ್ಫ್‌ಝೈಲ್ ಊರಿನವರಿಗೆ ಆ ಗೊಡವೆಯಿಲ್ಲ. 1966ರಲ್ಲಿ ಅವರು ಮೇಗ್ರೆಯ ಪ್ರತಿಮೆ ನಿಲ್ಲಿಸಿದರು. ಅನಾವರಣಕ್ಕೆ ಸಿಮೆನಾನ್ ಸ್ವತಃ ಹೋಗಿದ್ದ.

ಹಸ್ತಪ್ರತಿ ಓದಿದ ಪ್ರಕಾಶಕ ಫಾಯಾರ್ ತಲೆ ಅಲ್ಲಾಡಿಸಿದ. ಇದರಲ್ಲಿ ಬಿಡಿಸಲು ಒಗಟಿಲ್ಲ. ಪ್ರೇಮವಿಲ್ಲ. ಪೂರ್ತಿ ಒಳ್ಳೆಯವರಿಲ್ಲ, ಪೂರ್ತಿ ಕೆಟ್ಟವರೂ ಇಲ್ಲ. ಕೊನೆಯಲ್ಲಿ ಸಂತೋಷವೂ ಇಲ್ಲ. ಇಂಥದ್ದು ಪತ್ತೇದಾರಿ ಕಾದಂಬರಿ ಹೇಗಾಗುತ್ತದೆ? ಫಾಯಾರ್ ಪಟ್ಟಿಮಾಡಿದ ದೋಷಗಳೆಲ್ಲ ಇವತ್ತು ಸಿಮೆನಾನ್‌ನ ಗುಣಗಳ ಪಟ್ಟಿ. ಕೊನೆಗೆ ಪ್ರಕಾಶಕ ಒಪ್ಪಿದ. 1931ರ ಫೆಬ್ರುವರಿ 20ರ ರಾತ್ರಿ ಮೋಂಪಾರ್ನಾಸ್‌ನ 'ಬೂಲ್ ಬ್ಲಾಂಶ್' ನೈಟ್‌ಕ್ಲಬ್ಬಿನಲ್ಲಿ ಮೊದಲ ಎರಡು ಪುಸ್ತಕಗಳ ಬಿಡುಗಡೆ. ಆಮಂತ್ರಣ ಪತ್ರಿಕೆ ಪೊಲೀಸ್ ಸಮನ್ಸಿನ ರೂಪದಲ್ಲಿತ್ತು. ಬಂದವರು ಬಾಗಿಲಿನಲ್ಲೇ ಬೆರಳಿನ ಗುರುತು ಕೊಟ್ಟು ಒಳಗೆ ಹೋಗಬೇಕು. ಮಾರನೆಯ ದಿನ ಪತ್ರಿಕೆಗಳ ತುಂಬ ಅದೇ ಸುದ್ದಿ. ಆ ವರ್ಷವೊಂದರಲ್ಲೇ ಹತ್ತರ ಮೇಲೆ ಮೇಗ್ರೆ ಕಾದಂಬರಿಗಳು ಓದುಗರ ಕೈಸೇರಿದವು.

ಮೊದಲ ಪುಸ್ತಕಗಳನ್ನು ಓದಿದ ಪ್ಯಾರಿಸ್ ಅಪರಾಧ ಪೊಲೀಸ್ ವಿಭಾಗದ ನಿರ್ದೇಶಕ ಗ್ಸಾವಿಯೇ ಗಿಶಾರ್ ಲೇಖಕನನ್ನು ಕರೆಸಿಕೊಂಡ. ನೀವು ಪೊಲೀಸರ ಕೆಲಸ ತಪ್ಪಾಗಿ ಬರೆಯುತ್ತಿದ್ದೀರಿ, ಬನ್ನಿ ನೋಡಿ ಎಂದು ಸೇನ್ ನದಿಯ ದಡದ 36, ಕೆ ದೆ ಓರ್‌ಫೆವ್ರ್ ಕಟ್ಟಡವನ್ನು ಸುತ್ತಿಸಿ ತೋರಿಸಿದ. ವಿಚಾರಣೆಯ ಕೋಣೆ, ಸವೆದ ಮೆಟ್ಟಿಲು, ಗಾಜಿನ ಗೋಡೆಯ ಕಾಯುವ ಕೋಣೆ ಎಲ್ಲ ಕಾದಂಬರಿಯೊಳಗೆ ಬಂದವು. ಈ ಭೇಟಿಯನ್ನೇ ಸಿಮೆನಾನ್ ಮುಂದೆ 'ಮೇಗ್ರೆಯ ನೆನಪುಗಳು' ಎಂಬ 1951ರ ಪುಸ್ತಕದಲ್ಲಿ ತಿರುವುಹಾಕಿ ಬರೆದ. ಅಲ್ಲಿ ಮಾತಾಡುವವನು ಮೇಗ್ರೆ. ಸಿಮೆನಾನ್ ಎಂಬ ಅಧಿಕಪ್ರಸಂಗಿ ಹುಡುಗ ತನ್ನ ಕಚೇರಿಗೆ ಬಂದು ಏನೇನು ತಪ್ಪು ಬರೆದುಕೊಂಡು ಹೋದ ಎಂದು ಅವನು ತಾಳ್ಮೆಯಿಂದ ತಿದ್ದುತ್ತ ಹೋಗುತ್ತಾನೆ.

ಮೇಗ್ರೆ ಹಳ್ಳಿಯವನು. ಅಪ್ಪ ಸೇಂಟ್ ಫಿಯಾಕ್ರ್ ಎಂಬಲ್ಲಿನ ಜಮೀನುದಾರರ ಬಂಗಲೆಯಲ್ಲಿ ಪಾರುಪತ್ಯಗಾರ. ವೈದ್ಯನಾಗಬೇಕೆಂದು ಓದಲು ಹೋಗಿ, ಅಪ್ಪ ತೀರಿಕೊಂಡದ್ದರಿಂದ ಅರ್ಧಕ್ಕೆ ಬಿಟ್ಟು ಪೊಲೀಸ್ ಆದ. ಮಕ್ಕಳಿಲ್ಲ. ಅಲ್ಸಾಸ್ ಕಡೆಯ ಹೆಂಡತಿ ಮದಾಮ್ ಮೇಗ್ರೆ ಅಡುಗೆ ಮಾಡಿ ಕಾಯುತ್ತಾಳೆ. ಅವನು ಊಟಕ್ಕೆ ಬರುವುದಿಲ್ಲವೆಂದು ಫೋನ್ ಮಾಡುತ್ತಾನೆ. ಅವನ ಕಚೇರಿಯಲ್ಲಿ ಒಂದು ಹಳೆಯ ಕಲ್ಲಿದ್ದಲ ಒಲೆ ಇದೆ. ಇಡೀ ಕಟ್ಟಡಕ್ಕೆ ಹೊಸ ಕಾವಿನ ವ್ಯವಸ್ಥೆ ಬಂದಾಗಲೂ ಅದನ್ನು ಕೀಳಲು ಅವನು ಬಿಡಲಿಲ್ಲ. ಮಳೆಯಲ್ಲಿ ನೆಂದು ಬಂದು, ಭಾರದ ಕೋಟು ತೂಗುಹಾಕಿ, ಒಲೆಗೆ ಬೆನ್ನುಕೊಟ್ಟು ನಿಂತು ಪೈಪಿಗೆ ತಂಬಾಕು ತುಂಬುತ್ತಾನೆ. ಒದ್ದೆ ಉಣ್ಣೆಯ ವಾಸನೆ ಪುಟದಿಂದ ಏಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಂಬಳಿ ಒಣಗಿಸಿದ ಓದುಗರಿಗೆ ಪ್ಯಾರಿಸ್ಸಿನ ಈ ವಾಸನೆ ಹೊಸದೆನಿಸದು.

ಅವನ ತನಿಖೆಯ ರೀತಿ ಹೇಗಿದೆಯೆಂದರೆ, ಅಲ್ಲಿ ರೀತಿಯೆಂದು ಹೇಳುವಂಥದ್ದೇ ಇಲ್ಲ. ಕೊಲೆಯಾದವನ ಕುರ್ಚಿಯಲ್ಲಿ ಕೂರುತ್ತಾನೆ, ಅವನು ಕುಡಿಯುತ್ತಿದ್ದ ಅಂಗಡಿಯಲ್ಲಿ ಅವನು ಕುಡಿಯುತ್ತಿದ್ದುದನ್ನೇ ಕುಡಿಯುತ್ತಾನೆ, ಆ ಬೀದಿಯ ಗಾಳಿ ತನ್ನೊಳಗೆ ಇಳಿಯುವವರೆಗೂ ಕಾಯುತ್ತಾನೆ. ಯಾರಾದರೂ ನಿಮಗೆ ಏನನ್ನಿಸುತ್ತದೆ ಎಂದು ಕೇಳಿದರೆ, ನನಗೆ ಏನೂ ಅನ್ನಿಸುತ್ತಿಲ್ಲ ಎಂದುಬಿಡುತ್ತಾನೆ.

'ಸೇಂಟ್ ಫಿಯಾಕ್ರ್ ಪ್ರಕರಣ' ಎಂಬ 1932ರ ಕಾದಂಬರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೃತರ ಹಬ್ಬದ ದಿನ ಸೇಂಟ್ ಫಿಯಾಕ್ರ್ ಚರ್ಚಿನ ಮೊದಲ ಪೂಜೆಯ ಹೊತ್ತಿನಲ್ಲಿ ಒಂದು ಅಪರಾಧ ನಡೆಯುತ್ತದೆ ಎಂದು ಪೊಲೀಸರಿಗೆ ಹೆಸರಿಲ್ಲದ ಚೀಟಿ ಬರುತ್ತದೆ. ಊರಿನ ಹೆಸರು ನೋಡಿ ಮೇಗ್ರೆ ತಾನೇ ಹೊರಡುತ್ತಾನೆ. ಅದು ಅವನು ಹುಟ್ಟಿದ ಊರು. ಬೆಳಕು ಹರಿಯುವ ಮುಂಚೆ, ಮೈಕೊರೆಯುವ ಚಳಿಯಲ್ಲಿ, ತಾನು ಚಿಕ್ಕಂದಿನಲ್ಲಿ ಪಾದ್ರಿಗೆ ನೆರವಾಗಿ ನಿಲ್ಲುತ್ತಿದ್ದ ಅದೇ ಚರ್ಚಿನಲ್ಲಿ ಕೂರುತ್ತಾನೆ. ಅಲ್ಲಿರುವುದು ಬೆರಳೆಣಿಕೆಯಷ್ಟು ಜನ. ಪೂಜೆ ಮುಗಿಯುತ್ತದೆ. ಒಂದು ಗುಂಡಿನ ಸದ್ದಿಲ್ಲ, ಒಂದು ಚೀತ್ಕಾರವಿಲ್ಲ. ಎಲ್ಲರೂ ಎದ್ದು ಹೋಗುತ್ತಾರೆ, ಮುದಿ ಜಮೀನುದಾರಿಣಿ ಮಾತ್ರ ಮುಖ ಬಗ್ಗಿಸಿ ಕೂತಲ್ಲೇ ಕೂತಿದ್ದಾಳೆ. ಮೇಗ್ರೆ ಹತ್ತಿರ ಹೋಗಿ ಮುಟ್ಟುತ್ತಾನೆ. ಜೀವ ಹೋಗಿದೆ.

ವೈದ್ಯ ಹೇಳುವುದು ಹೃದಯಾಘಾತ. ಗಾಯವಿಲ್ಲ, ವಿಷವಿಲ್ಲ. ಆಕೆಯ ಪ್ರಾರ್ಥನಾ ಪುಸ್ತಕ ಕಾಣೆಯಾಗಿರುತ್ತದೆ. ಚಿನ್ನದ ಅಂಚಿನ ಆ ಪುಸ್ತಕಕ್ಕೆ ಆಸೆಪಟ್ಟು ಚರ್ಚಿನ ಸಹಾಯಕ ಹುಡುಗ ಬಚ್ಚಿಟ್ಟಿದ್ದಾನೆ. ಅದರೊಳಗೆ ಒಂದು ಪತ್ರಿಕೆಯ ತುಣುಕು. ಪ್ಯಾರಿಸ್ಸಿನಲ್ಲಿರುವ ಆಕೆಯ ಮಗ ಗುಂಡು ಹಾರಿಸಿಕೊಂಡು ಸತ್ತನೆಂದು ಅದರಲ್ಲಿದೆ. ಸುದ್ದಿ ಸುಳ್ಳು. ಯಾರೋ ಅಚ್ಚುಮೊಳೆ ಜೋಡಿಸಿ, ಅಚ್ಚುಹಾಕಿ, ದುರ್ಬಲ ಹೃದಯದ ಹೆಂಗಸು ಪ್ರಾರ್ಥನೆಯ ಆ ಪುಟ ತೆರೆಯುವ ಕ್ಷಣಕ್ಕೆ ಸರಿಯಾಗಿ ಸಿಕ್ಕುವಂತೆ ಇಟ್ಟಿದ್ದಾರೆ. ಆಯುಧ ಎಂದರೆ ಕೈಯಗಲದ ಕಾಗದ. ಇದನ್ನು ಕೊಲೆ ಎಂದು ಯಾವ ಕೋರ್ಟಿನಲ್ಲಿ ಸಾಬೀತು ಮಾಡುವುದು? ಸಿಮೆನಾನ್‌ಗೆ ಬೇಕಾದದ್ದು ಇಂಥ ಜಾಗವೇ. ಕಾನೂನಿನ ಕೈ ತಲುಪದಲ್ಲಿಗೆ ಅವನು ಪೊಲೀಸಿನವನನ್ನು ಒಯ್ದು ನಿಲ್ಲಿಸುತ್ತಾನೆ. ಪುಸ್ತಕ ಒಪ್ಪಿಸಿದ ಹುಡುಗನಿಗೆ ಅಂಥದ್ದೇ ಇನ್ನೊಂದನ್ನು ಕೊಡಿಸುವುದಾಗಿ ಮೇಗ್ರೆ ಮಾತುಕೊಡುತ್ತಾನೆ. ಆ ಹುಡುಗನಲ್ಲಿ ಅವನಿಗೆ ತಾನೇ ಕಾಣುತ್ತಾನೆ. ಕೊನೆಗೆ ಊಟದ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಗುಟ್ಟು ಬಿಡಿಸುವವನು ಕೂಡ ಮೇಗ್ರೆ ಅಲ್ಲ. ಅವನು ಬರೀ ನೋಡುತ್ತಾನೆ. ತನ್ನ ಬಾಲ್ಯದ ಬಂಗಲೆ ಹಾಳಾದದ್ದನ್ನು, ತಾನು ಚಿಕ್ಕಂದಿನಲ್ಲಿ ದೇವತೆಯಂತೆ ಕಂಡಿದ್ದ ಹೆಂಗಸು ಹೀಗೆ ಸತ್ತದ್ದನ್ನು ನೋಡುತ್ತ ಕೂತ ಆ ಭಾರದ ಮನುಷ್ಯನೇ ಕಾದಂಬರಿ. ಜಗತ್ತಿನ ಪತ್ತೇದಾರಿ ಸಾಹಿತ್ಯದಲ್ಲಿ ಇದಕ್ಕೆ ಸಮನಾದ ಕೃತಿಗಳು ಹೆಚ್ಚಿಲ್ಲ.

1955ರ 'ಮೇಗ್ರೆ ಮತ್ತು ರುಂಡವಿಲ್ಲದ ಮುಂಡ'ದಲ್ಲೂ ಇದೇ ನಡೆ. ಸೇಂಟ್ ಮಾರ್ಟಿನ್ ಕಾಲುವೆಯಲ್ಲಿ ಸರಕು ದೋಣಿಯವರಿಗೆ ಒಂದು ತೋಳು ಸಿಗುತ್ತದೆ, ಆಮೇಲೆ ಉಳಿದ ತುಂಡುಗಳು. ಫೋನ್ ಮಾಡಲೆಂದು ಮೇಗ್ರೆ ದಡದ ಮೇಲಿನ ಒಂದು ಮಂಕು ಬಾರಿಗೆ ಹೋಗುತ್ತಾನೆ. ಅಂಗಡಿಯ ಒಡತಿ ಮದಾಮ್ ಕಲಾ. ಬಡಕಲು ಹೆಂಗಸು, ಮಾತು ಕಡಿಮೆ, ಗಿರಾಕಿಗಳ ಕಣ್ಣುತಪ್ಪಿಸಿ ಕುಡಿಯುತ್ತಾಳೆ. ಯಾವುದಕ್ಕೂ ಬೆಚ್ಚುವುದಿಲ್ಲ, ಯಾವುದನ್ನೂ ಕೇಳಿಕೊಳ್ಳುವುದಿಲ್ಲ. ಗಂಡ ಊರಲ್ಲಿಲ್ಲ ಎನ್ನುತ್ತಾಳೆ. ಹೆಣದ ಗುರುತು ಹತ್ತುವುದು ಕಷ್ಟವಲ್ಲ. ಆದರೆ ಈ ಹೆಂಗಸು ಯಾರು, ಇಷ್ಟು ಗಟ್ಟಿಯಾಗಿ ಈ ನರಕದಲ್ಲಿ ಯಾಕೆ ಉಳಿದಳು ಎಂಬುದು ತಿಳಿಯದೆ ಮೇಗ್ರೆಗೆ ನಿದ್ದೆಯಿಲ್ಲ. ಮನುಷ್ಯರ ಹಣೆಬರಹ ಹರಿದಲ್ಲಿ ಹೊಲಿಗೆ ಹಾಕುವ, ಅರ್ಧ ವೈದ್ಯ ಅರ್ಧ ಪಾದ್ರಿಯಂಥ ಒಂದು ಕಸುಬು ಇರಬಾರದೇ ಎಂದು ಮೇಗ್ರೆ ಹುಡುಗನಾಗಿದ್ದಾಗ ಕನಸು ಕಂಡವನು. ಆ ಕಸುಬು ಸಿಗದೆ ಪೊಲೀಸ್ ಆದ.

ಈ ಪುಸ್ತಕಗಳು ಹುಟ್ಟುತ್ತಿದ್ದ ಬಗೆಯೂ ಒಂದು ಕತೆ. ಕಾದಂಬರಿ ಬರುವ ಸೂಚನೆ ಕಂಡೊಡನೆ ಸಿಮೆನಾನ್ ವೈದ್ಯರನ್ನು ಕರೆಸಿ ರಕ್ತದೊತ್ತಡ ನೋಡಿಸಿಕೊಳ್ಳುತ್ತಿದ್ದ. ಮನೆಯವರ ಆರೋಗ್ಯ ಸರಿಯಿದೆಯೇ ಎಂದು ಖಾತ್ರಿಮಾಡಿಕೊಂಡು ಹೊರಗಿನ ಭೇಟಿಗಳನ್ನೆಲ್ಲ ರದ್ದುಮಾಡುತ್ತಿದ್ದ. ಆಮೇಲೆ ಟೆಲಿಫೋನ್ ಡೈರೆಕ್ಟರಿಗಳನ್ನು ತಿರುವಿಹಾಕಿ ಹೆಸರುಗಳನ್ನು ಆರಿಸುವುದು. ಒಂದು ದೊಡ್ಡ ಹಳದಿ ಲಕೋಟೆ ತೆಗೆದುಕೊಂಡು ಅದರ ಮೇಲೆ ಪಾತ್ರಗಳ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು, ಅಪ್ಪ ಅಮ್ಮನ ಕಸುಬು, ಮನೆಯ ಬಾಗಿಲು ಯಾವ ಕಡೆಗೆ ಎಂಬುದನ್ನೆಲ್ಲ ಬರೆಯುತ್ತಿದ್ದ. ಇವುಗಳಲ್ಲಿ ಎಷ್ಟೋ ಸಂಗತಿ ಪುಸ್ತಕಕ್ಕೆ ಬರುವುದೇ ಇಲ್ಲ. ಕತೆ ಏನಾಗುತ್ತದೆಂದು ಮಾತ್ರ ಲಕೋಟೆಯ ಮೇಲೆ ಇರುತ್ತಿರಲಿಲ್ಲ, ಅವನಿಗೂ ಗೊತ್ತಿರುತ್ತಿರಲಿಲ್ಲ. ಈ ಮನುಷ್ಯನನ್ನು ಅವನ ತಾಳಿಕೆಯ ಕಡೆಯ ಅಂಚಿಗೆ ತಳ್ಳುವ ಸಂಗತಿ ಯಾವುದಿರಬಹುದು ಎಂಬ ಒಂದೇ ಪ್ರಶ್ನೆ ಹಿಡಿದು ಶುರುಮಾಡುತ್ತಿದ್ದ.

ಬಾಗಿಲಿಗೆ ಹೋಟೆಲುಗಳಲ್ಲಿ ತೂಗುಹಾಕುವಂಥ 'ತೊಂದರೆ ಕೊಡಬೇಡಿ' ಫಲಕ. ಒಳಗೆ ಸಾಲಾಗಿ ಚೂಪುಮಾಡಿಟ್ಟ ಪೆನ್ಸಿಲ್, ತುಂಬಿಟ್ಟ ಪೈಪುಗಳು. ದಿನಕ್ಕೆ ಒಂದು ಅಧ್ಯಾಯ. ಪಾತ್ರದ ಚರ್ಮದೊಳಗೆ ಹೊಕ್ಕು ಕೂತಿರುವಷ್ಟು ದಿನ ಅವನು ಬೇರೆಯೇ ಮನುಷ್ಯ. ಊಟದ ಮೇಜಿನಲ್ಲೂ ಆ ಪಾತ್ರದ ನಡಿಗೆ, ಆ ಪಾತ್ರದ ಸಿಡುಕು. ಮೈ ಬೆವರಿ ತೂಕ ಇಳಿಯುತ್ತಿತ್ತು. ಹತ್ತು ಹನ್ನೊಂದು ದಿನಕ್ಕಿಂತ ಹೆಚ್ಚು ಇದನ್ನು ತಡೆದುಕೊಳ್ಳಲಾರೆ, ಅದಕ್ಕೇ ನನ್ನ ಕಾದಂಬರಿಗಳು ಚಿಕ್ಕವು ಎನ್ನುತ್ತಿದ್ದ. ನಡುವೆ ಜ್ವರ ಬಂದು ಎರಡು ದಿನ ತಪ್ಪಿದರೆ ಬರೆದಷ್ಟನ್ನೂ ಎಸೆದುಬಿಡುತ್ತಿದ್ದ. ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ. ಆ ಹಳದಿ ಲಕೋಟೆಗಳನ್ನು ಈಗ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಮೇಗ್ರೆ ಇಲ್ಲದ ನೂರಕ್ಕೂ ಹೆಚ್ಚು ಕಾದಂಬರಿಗಳನ್ನೂ ಅವನು ಬರೆದ. ಅವುಗಳನ್ನು ತನ್ನ 'ಗಡುಸು ಕಾದಂಬರಿಗಳು' ಎಂದು ಕರೆಯುತ್ತಿದ್ದ. ಸಮಾಧಾನ ಹೇಳಲು ಮೇಗ್ರೆ ಇಲ್ಲದ್ದರಿಂದ ಅಲ್ಲಿ ಕತ್ತಲು ಇನ್ನೂ ದಟ್ಟ. ಆಂದ್ರೆ ಜೀದ್‌ನಂಥ ಬರಹಗಾರ ಈ ಪುಸ್ತಕಗಳನ್ನು ಸಾಲುಸಾಲಾಗಿ ಓದಿ, ಟಿಪ್ಪಣಿ ಮಾಡಿಕೊಂಡು, ಪತ್ರ ಬರೆಯುತ್ತಿದ್ದ. ಯುದ್ಧದ ಕಾಲದಲ್ಲಿ ಒಬ್ಬ ವೈದ್ಯ ಎಕ್ಸ್‌ರೇ ತಪ್ಪಾಗಿ ಓದಿ, ನಿನಗಿನ್ನು ಎರಡೇ ವರ್ಷ ಎಂದಾಗ ಸಿಮೆನಾನ್ ಮಗನಿಗಾಗಿ ಬಾಲ್ಯದ ನೆನಪುಗಳನ್ನು ಬರೆಯಲು ಕೂತ. ಅಪ್ಪನಿಗೆ ವೈದ್ಯರು ಹೇಳಿದ್ದ ಅದೇ ಮಾತು ಈಗ ತನಗೂ ಬಂದಿತ್ತು. ಅದನ್ನು ಕಾದಂಬರಿಯಾಗಿಸು ಎಂದು ಹೇಳಿದವನು ಜೀದ್. ಹಾಗೆ ಬಂದದ್ದು ಲಿಯೇಜಿನ ಆ ಬಾಡಿಗೆ ಕೋಣೆಗಳ ಮನೆಯ ಮಹಾಕತೆ 'ಪೆಡಿಗ್ರಿ', 1948ರಲ್ಲಿ.

ಅರ್ಥಮಾಡಿಕೊಳ್ಳಬೇಕು, ತೀರ್ಪು ಕೊಡಬಾರದು ಎಂಬುದು ಸಿಮೆನಾನ್ ತನಗೆ ಹಾಕಿಕೊಂಡ ಸೂತ್ರ. ಆದರೆ ಅವನ ಬದುಕನ್ನು ನೋಡುವ ಓದುಗ ಎಲ್ಲ ಕಡೆಯೂ ತೀರ್ಪನ್ನು ತಡೆಹಿಡಿಯಬೇಕಿಲ್ಲ. 1921ರಲ್ಲಿ ಅವನು 'ಗಜೆಟ್'ನಲ್ಲಿ ಯೆಹೂದಿಗಳ ವಿರುದ್ಧ ಒಂದು ಲೇಖನಮಾಲೆ ಬರೆದ. ಪತ್ರಿಕೆಯವರು ಹೇಳಿ ಬರೆಸಿದ್ದು ಎಂದು ಮುಂದೆ ಸಮಜಾಯಿಷಿ ಕೊಟ್ಟನಾದರೂ, ಬರೆದ ಕೈ ಅವನದೇ. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿದ್ದಾಗ ಅವರ ಹಿಡಿತದಲ್ಲಿದ್ದ ಕಾಂಟಿನೆಂಟಲ್ ಕಂಪನಿಗೆ ತನ್ನ ಕಾದಂಬರಿಗಳ ಸಿನಿಮಾ ಹಕ್ಕು ಮಾರಿದ. ಅವನ ತಮ್ಮ, ಕ್ರಿಶ್ಚಿಯನ್ ಎಂಬವನು, ಬೆಲ್ಜಿಯಮ್ಮಿನಲ್ಲಿ ನಾಜಿಗಳ ಜೊತೆ ಸೇರಿ ಕೊಲೆಯಲ್ಲಿ ಭಾಗಿಯಾಗಿ, ಮರಣದಂಡನೆ ತಪ್ಪಿಸಿಕೊಳ್ಳಲು ಫ್ರೆಂಚರ ವಿದೇಶಿ ಸೈನ್ಯಕ್ಕೆ ಸೇರಿ, 1947ರಲ್ಲಿ ಇಂಡೋಚೀನಾದಲ್ಲಿ ಸತ್ತ. ಯುದ್ಧ ಮುಗಿದೊಡನೆ ಸಿಮೆನಾನ್ ಹತ್ತು ವರ್ಷ ಅಮೆರಿಕ ಖಂಡಕ್ಕೆ ಹೋಗಿ ನೆಲೆಸಿದ. ಅರಿಜೋನಾದ ಬಿಸಿಲಿನಲ್ಲಿ ಕೂತು ಪ್ಯಾರಿಸ್ಸಿನ ಮಳೆಯ ಬಗ್ಗೆ ಬರೆದ. ತಪ್ಪು ಮಾಡಿದವರ ಮೇಲೆ ಅವನ ಪುಸ್ತಕಗಳಲ್ಲಿರುವ ಮರುಕವನ್ನು ಓದುವಾಗ ಈ ತಮ್ಮನ ನೆನಪಾಗದೆ ಇರದು. ಆ ಮರುಕ ದೊಡ್ಡದು. ಅದರಲ್ಲಿ ಅವನದೂ ಒಂದು ಸಾಲ ತೀರುವಳಿ ಇತ್ತು.

ಅಮ್ಮನೊಡನೆ ಮಾತ್ರ ಆ ಸೂತ್ರ ಕೊನೆಯವರೆಗೂ ಕೈಕೊಟ್ಟಿತು. ಆಕೆಗೆ ತಮ್ಮನೆಂದರೆ ಪ್ರಾಣ. ಜಗತ್ತೇ ಓದುವ ಈ ಮಗನ ಮೇಲೆ ನಂಬಿಕೆಯಿಲ್ಲ. ಅವನು ವರ್ಷಗಟ್ಟಲೆ ಕಳಿಸಿದ ಹಣವನ್ನು ಖರ್ಚುಮಾಡದೆ ಕೂಡಿಟ್ಟು, ಸ್ವಿಟ್ಜರ್ಲೆಂಡಿನ ಅವನ ಮನೆಗೆ ಬಂದಾಗ ಪೂರ್ತಿ ಹಿಂದಕ್ಕೆ ಕೊಟ್ಟಳು. 1970ರಲ್ಲಿ ಲಿಯೇಜಿನ ಆಸ್ಪತ್ರೆಯಲ್ಲಿ ಆಕೆ ಸಾಯುವಾಗ ಸ್ವಲ್ಪ ದಿನ ಹಾಸಿಗೆಯ ಪಕ್ಕ ಕೂತಿದ್ದ. ಯಾಕೆ ಬಂದೆ ಎಂದು ಕೇಳಿದಳಂತೆ. ಆ ದಿನಗಳನ್ನು ಅವನು 'ಅಮ್ಮನಿಗೆ ಪತ್ರ' ಎಂಬ 1974ರ ಚಿಕ್ಕ ಪುಸ್ತಕದಲ್ಲಿ ಬರೆದಿದ್ದಾನೆ. ಮೇಗ್ರೆಗೆ ಎದುರು ಕೂತ ಅಪರಿಚಿತ ಒಂದೇ ರಾತ್ರಿಯಲ್ಲಿ ಬಾಯಿಬಿಡುತ್ತಾನೆ. ಅವನನ್ನು ಸೃಷ್ಟಿಸಿದವನಿಗೆ ಹೆತ್ತವಳು ಬಾಯಿಬಿಡಲಿಲ್ಲ.

1972ರ ಸೆಪ್ಟೆಂಬರಿನಲ್ಲಿ ಎಂದಿನಂತೆ ಹೊಸ ಲಕೋಟೆ ತೆಗೆದು ಹೆಸರುಗಳನ್ನು ಬರೆದ. ಕಾದಂಬರಿ ಬರಲಿಲ್ಲ. ಇನ್ನು ಬರೆಯುವುದಿಲ್ಲವೆಂದು ತೀರ್ಮಾನಿಸಿ, ಪಾಸ್‌ಪೋರ್ಟಿನಲ್ಲಿದ್ದ 'ಬರಹಗಾರ' ಎಂಬುದನ್ನು ತೆಗೆಸಿ 'ಉದ್ಯೋಗವಿಲ್ಲ' ಎಂದು ಹಾಕಿಸಿಕೊಂಡ. ಆಮೇಲೆ ಟೇಪ್ ರೆಕಾರ್ಡರಿಗೆ ಮಾತಾಡಿ ಇಪ್ಪತ್ತೊಂದು ಸಂಪುಟ ನೆನಪುಗಳನ್ನು ಹೊರತಂದ. 1978ರಲ್ಲಿ ಮಗಳು ಮರಿ ಜೋ ಇಪ್ಪತ್ತೈದನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ದುಃಖ ಅವನನ್ನು ಮತ್ತೊಮ್ಮೆ ಕೈಬರಹಕ್ಕೆ ತಂದಿತು. 1981ರ ಬೃಹತ್ ಆತ್ಮಕತೆ ಬಹುಪಾಲು ಆಕೆಯೊಡನೆ ಆಡಿದ ಮಾತು. ಲೋಸಾನ್ ನಗರದ ಪುಟ್ಟ ಮನೆಯ ತೋಟದಲ್ಲಿ ಒಂದು ದೇವದಾರು ಮರದಡಿ ಮಗಳ ಚಿತಾಭಸ್ಮ ಹಾಕಿದ್ದರು. 1989ರ ಸೆಪ್ಟೆಂಬರ್ 4ರಂದು ಸಿಮೆನಾನ್ ತೀರಿಕೊಂಡಾಗ ಅವನದನ್ನೂ ಅಲ್ಲಿಯೇ ಹಾಕಿದರು.

ಅವನ ಪ್ರಭಾವ ಎಲ್ಲೆಲ್ಲಿಗೋ ಹಬ್ಬಿದೆ. ಅಕಿರ ಕುರೊಸಾವಾ 1949ರ 'ಸ್ಟ್ರೇ ಡಾಗ್' ಸಿನಿಮಾದ ಕತೆಯನ್ನು ಮೊದಲು ಸಿಮೆನಾನ್‌ನ ಧಾಟಿಯ ಕಾದಂಬರಿಯಾಗಿ ಬರೆದುಕೊಂಡಿದ್ದ. ಮೇಗ್ರೆಯ ಪಾತ್ರವನ್ನು ಜಾನ್ ಗಬೆನ್‌ನಿಂದ ರೋವನ್ ಅಟ್ಕಿನ್‌ಸನ್‌ವರೆಗೆ ಎಷ್ಟೋ ನಟರು ತೊಟ್ಟಿದ್ದಾರೆ. ಪ್ಯಾರಿಸ್ಸಿನ ಅಪರಾಧ ಪೊಲೀಸರು 2017ರಲ್ಲಿ ನದಿಯ ದಡದ ಹಳೆಯ ಕಟ್ಟಡ ಬಿಟ್ಟು ಊರಿನ ಇನ್ನೊಂದು ತುದಿಗೆ ಹೋದರು. ಹೊಸ ಕಟ್ಟಡಕ್ಕೂ 36ನೇ ನಂಬರನ್ನೇ ಇಟ್ಟುಕೊಂಡರು.

ಎಪ್ಪತ್ತೈದು ಮೇಗ್ರೆ ಕಾದಂಬರಿಗಳೂ ಇಂಗ್ಲಿಷಿನಲ್ಲಿ ಹೊಸ ಅನುವಾದದಲ್ಲಿ ಸಿಗುತ್ತವೆ. 2013ರಿಂದ 2020ರವರೆಗೆ ಪೆಂಗ್ವಿನ್ ಒಂದೊಂದಾಗಿ ಹೊರತಂದಿದೆ. ಮೊದಲ ಸಲ ಕೈಗೆತ್ತಿಕೊಳ್ಳುವವರು ಕ್ರಮಸಂಖ್ಯೆ ಹಿಡಿದು ಓದಬೇಕಾಗಿಲ್ಲ. 'ಸೇಂಟ್ ಫಿಯಾಕ್ರ್'ನಿಂದ ತೊಡಗಿ, ಅಲ್ಲಿಂದ ಕಾಲುವೆ ದಡದ ಮದಾಮ್ ಕಲಾಳ ಬಾರಿಗೆ ಬನ್ನಿ. ನಾಟಕವೊಂದನ್ನು ಎರಡು ಸಂಜೆಗೆ ಹಂಚಿ ಯಾರೂ ನೋಡುವುದಿಲ್ಲ, ನನ್ನ ಪುಸ್ತಕವನ್ನೂ ಹಾಗೆಯೇ ಒಂದೇ ಪಟ್ಟಿಗೆ ಓದಬೇಕು ಎಂಬುದು ಸಿಮೆನಾನ್‌ನ ಆಸೆಯಾಗಿತ್ತು. ಹೆಚ್ಚಿನವು ಇನ್ನೂರು ಪುಟದೊಳಗಿನವು. ಒಂದು ಸಂಜೆ ಬಿಡುವು ಮಾಡಿಕೊಂಡು ಹಾಗೇ ಓದಿ.